ಬೊಮ್ಮಯ್ಯನಿಗೆ ಸಿಕ್ಕ ಎರಡು ಅಂಕ

ಬೊಮ್ಮಯ್ಯ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದ ರೀತಿ ನೋಡಿದರೆ, ಕುರ್ಚಿಗೆಲ್ಲಿ ನೋವಾದೀತೋ ಎಂದು ಹೆದರಿದಂತಿತ್ತು. ಎನ್. ಬೇಗೂರಿನ ಆಚೆ, ಕಾಡಂಚಿನ ಹಾಡಿಯ ಜೇನುಕುರುಬ. ನನಗಿಂತ ಹಿರಿಯ, ಆದರೂ ನಾವೆಲ್ಲ ಏಕವಚನದಲ್ಲೇ ಮಾತಾಡಿಸುತ್ತಿದ್ದೆವು, ಅಭ್ಯಾಸಬಲ.

ಐದನೇ ತರಗತಿಗೆ ನಮ್ಮ ಸೀಮೆಯ ಜನಜೀವನ ಕುರಿತು ಪೂರಕ ಪುಸ್ತಕವೊಂದನ್ನು ರಚಿಸಲು ಏಳು ಜನ ವಿದ್ವಾಂಸರು ಹುಣಸೂರಿನಲ್ಲಿ ಸೇರಿದ್ದೆವು. ಏಳೂ ಜನ ಜಮೀನಿದ್ದ ಮನೆಯವರು. ಕಡೆಗಣಿಸಲ್ಪಟ್ಟ ಸಮುದಾಯದ ಪ್ರತಿನಿಧಿ ಕಡ್ಡಾಯ ಎಂದು ಸರ್ಕಾರಿ ಆದೇಶದಲ್ಲಿತ್ತು. ಕಡ್ಡಾಯವಾದ್ದರಿಂದ ಬೊಮ್ಮಯ್ಯನನ್ನು ಕರೆಸಿದೆವು.

ಅವನು ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಕಾರಣ ಮೊಮ್ಮಗಳು ಗೌರಿ. "ಕೂಸು ಅದೇ ಕ್ಲಾಸು ಮೇಷ್ಟ್ರೇ. ಇಸ್ಕೂಲಲ್ಲಿ ನಿಲ್ಲಾಕಿಲ್ಲ, ಓಡಿ ಬತ್ತದೆ. ಬುಕ್ಕಲ್ಲಿ ನಮ್ಮೋರ್ದು ಒಂದ್ ಪುಟ ಇದ್ರೆ ನಿಂತ್ಕತದೆ."

ಒಮ್ಮೆ ಅವನು ಜೇನು ಕೀಳುವ ಬಗೆ ವಿವರಿಸಿದ. "ಮರಿ ಇರೋ ಭಾಗ ಮುಟ್ಟಾಕಿಲ್ಲ, ಬುಟ್ಬುಡ್ತೀವಿ. ಬರೋ ವರ್ಸ ಹುಳ ಅದೇ ಮರಕ್ಕೆ ಬತ್ತದೆ."

"ಅದೆಲ್ಲ ವಿಜ್ಞಾನಿಗಳು ಆಗ್ಲೇ ಏಳವ್ರೆ ಕಣಯ್ಯ, ಬುಡು," ಅಂದರು ಅಧ್ಯಕ್ಷರು, ಹಾರನಹಳ್ಳಿ ಕಡೆಯ ಹೊಗೆಸೊಪ್ಪಿನ ಕುಳ.

"ಅವ್ರು ಮರ ಅತ್ತಿದ್ರಾ ಸಾಮಿ?"

ಚಹಾ ತಂದ ಜವಾನ ಮಾತ್ರ ನಕ್ಕ. ನಡಾವಳಿ ಪುಸ್ತಕದಲ್ಲಿ 'ಸುದೀರ್ಘವಾಗಿ ಚರ್ಚಿಸಲಾಯಿತು' ಎಂದು ಬರೆದು ಬೊಮ್ಮಯ್ಯನ ಹೆಬ್ಬೆಟ್ಟು ಒತ್ತಿಸಿಕೊಂಡೆವು.

ಕೊನೆಗೆ ಪುಟವೇನೋ ಬಂತು. ಮೇಲೆ ಶಾಲು ಹೊದ್ದ ಬೊಮ್ಮಯ್ಯನ ಫೋಟೊ. ಕೆಳಗೆ, ಈ ಜನ ಹಿಂದೆ ಕಾಡಿನಲ್ಲಿ ಅಲೆಯುತ್ತಿದ್ದರು, ಈಗ ಸುಧಾರಿಸುತ್ತಿದ್ದಾರೆ ಎಂಬ ನಾಲ್ಕು ಸಾಲು. ಜೇನಿನ ಸುದ್ದಿಯಿಲ್ಲ. ಪಾಠದ ಕೊನೆಗೆ ಪ್ರಶ್ನೆ ಹಾಕುವ ಘನಕಾರ್ಯ ನನ್ನದು. 'ಇವರನ್ನು ಇನ್ನಷ್ಟು ಸುಧಾರಿಸುವುದು ಹೇಗೆ? ಎರಡು ಅಂಕ' ಎಂದು ಬರೆದು, ಸಂತೃಪ್ತಿಯಿಂದ ಊಟಕ್ಕೆ ಎದ್ದಿದ್ದೆ.

ಶಾಲೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಬೊಮ್ಮಯ್ಯ ನಮ್ಮ ಮನೆಗೇ ಬಂದ.

"ಮೇಷ್ಟ್ರೇ, ಗೌರೀನ ನಿಲ್ಸಿ ಆ ಪ್ರಶ್ನೆ ಕೇಳುದ್ರಂತೆ. ಕೂಸು ಬಾಯಿ ಬುಡ್ನಿಲ್ಲ. ನಿಮ್ ತಾತನ್ನ ಸುದಾರ್ಸದು ನಿಂಗೇ ಗೊತ್ತಿಲ್ವೇನಮ್ಮಿ ಅಂತ ಐಕ್ಳೆಲ್ಲ ನಗಾಡ್ಬುಟ್ವಂತೆ. ಉತ್ತರ ಒಪ್ಪುಸ್ದೆ ಒಳಕ್ಕೆ ಬರಂಗಿಲ್ವಂತೆ. ಬುಕ್ ಮಾಡ್ದೋರು ನೀವು. ಏಳ್ಕೊಡಿ."

ಪ್ರಶ್ನೆಯೇ ತಪ್ಪು ಅನ್ನಬಹುದಿತ್ತು. ಅಂದರೆ ತಪ್ಪು ಯಾರದೆಂದೂ ಹೇಳಬೇಕಾಗುತ್ತಿತ್ತು. ಗಂಟಲು ಸರಿಮಾಡಿಕೊಂಡು, ತರಗತಿಯ ದನಿಯಲ್ಲೇ ಹೇಳಿದೆ: "ಸ್ವಚ್ಛತೆ ಕಲಿಸಬೇಕು. ಹಳೆಯ ಪದ್ಧತಿ ಬಿಡಿಸಬೇಕು."

ಎರಡು ಸಲ ಹೇಳಿಸಿಕೊಂಡ. ಮೂರನೆಯ ಸಲ ತಾನೇ ಒಪ್ಪಿಸಿದ, ಒಂದಕ್ಷರ ತಪ್ಪಲಿಲ್ಲ.

"ಇಷ್ಟೇಳುದ್ರೆ ಎಲ್ಡೂ ಕೊಡ್ತಾರಾ?"

"ಕೊಡ್ತಾರೆ ಕಣಯ್ಯ."

ಕೈಮುಗಿದು, ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತ ಬಸ್‌ಸ್ಟ್ಯಾಂಡಿನ ಕಡೆ ಹೋದ. ನಾನು ಅವನನ್ನು ಕಂಡದ್ದು ಅದೇ ಕೊನೆ.

ಮುಂದಿನದು ಆ ಶಾಲೆಯ ಮೇಷ್ಟ್ರು ನಗುತ್ತ ಹೇಳಿದ್ದು. ಮರುದಿನವೂ ಗೌರಿ ಬಾಯಿ ಬಿಡಲಿಲ್ಲವಂತೆ. ಬೊಮ್ಮಯ್ಯ ತರಗತಿಯ ಬಾಗಿಲಲ್ಲಿ ಕೈಕಟ್ಟಿ ನಿಂತು, ಅವಳ ಪರವಾಗಿ ತಾನೇ ಒಪ್ಪಿಸಿದನಂತೆ. ಎರಡಕ್ಕೆ ಎರಡು ಕೊಟ್ಟರಂತೆ. ಗೌರಿ ಚೀಲವನ್ನು ಅಲ್ಲೇ ಬಿಟ್ಟು ಹೊರಟುಹೋದವಳು ಮತ್ತೆ ಶಾಲೆಗೆ ಬರಲಿಲ್ಲ. ಬೊಮ್ಮಯ್ಯ ಸಾಯುವವರೆಗೂ ಅವಳು ಅವನೊಡನೆ ಮಾತಾಡಲಿಲ್ಲವಂತೆ.