ಟೈಪ್ ಟೀಚರೂ ಮೊಕ್ಕಸಾಮಿಯ ತಾಯಿಯ ಮುಖವೂ

ನಮ್ಮ ಮದುರೈಯಲ್ಲಿ ಬ್ಯಾನರ್ ಇಲ್ಲದೆ ಯಾರೂ ಹುಟ್ಟುವುದಿಲ್ಲ, ಬ್ಯಾನರ್ ಇಲ್ಲದೆ ಸಾಯುವುದಕ್ಕೂ ಒಪ್ಪುವುದಿಲ್ಲ. ಒಬ್ಬ ಮದುಮಗನ ಗೆಳೆಯರು ಕಟ್ಟಿಸಿದ ಬ್ಯಾನರು ಎಷ್ಟು ದೊಡ್ಡದಿತ್ತೆಂದರೆ, ಅದರ ಹಿಂದೆ ಮಂಟಪವೇ ಕಾಣೆಯಾಗಿ, ಹೆಣ್ಣಿನ ಕಡೆಯವರು ಎದುರಿನ ಮಂಟಪಕ್ಕೆ ನುಗ್ಗಿ ಬೇರೆ ಯಾರದೋ ಮದುವೆಯಲ್ಲಿ ಉಂಡು, ಹರಸಿ, ಮನೆಗೆ ಹೋದರು. ನಾನು ಈ ಬ್ಯಾನರುಗಳಿಗೆ ಮರದ ಚೌಕಟ್ಟು ಹೊಡೆಯುವವನು. ಹಾಗಾಗಿ ನನ್ನ ಮಾತಿನಲ್ಲಿ ಅಲ್ಲಲ್ಲಿ ಒಂದು ಮೊಳ ಹೆಚ್ಚಿಗೆ ಕಂಡರೆ, ಅಂಚು ಮಡಚಲು ಬಿಟ್ಟದ್ದು ಎಂದುಕೊಳ್ಳಿ.

ನಮ್ಮ ಬೀದಿಯ ಬ್ಯಾನರ್ ಅಂಗಡಿಗಳ ಕಂಪ್ಯೂಟರುಗಳೆಲ್ಲ ಇನ್ನೂ ಉಸಿರಾಡುತ್ತಿದ್ದರೆ ಅದು ಅಂಗಯರ್ಕಣ್ಣಿ ಟೀಚರ ದಯೆ. ಹಿಂದೆ ಸಿಮ್ಮಕ್ಕಲ್‌ನಲ್ಲಿ ಅವರ ಟೈಪಿಂಗ್ ಶಾಲೆ ಇತ್ತು. ಯಂತ್ರಗಳೆಲ್ಲ ಒಟ್ಟಿಗೆ ಬಡಿಯಲು ಶುರುಮಾಡಿದರೆ ವೈಗೈ ನದಿಯಲ್ಲಿ ನೀರಿಲ್ಲದಿದ್ದರೂ ಅಲೆ ಏಳುತ್ತಿತ್ತು. ಅಕ್ಷರ ಹುಡುಕಲು ಕೆಳಗೆ ನೋಡಿದವರ ಗೆಣ್ಣಿಗೆ ಮರದ ಸ್ಕೇಲಿನಿಂದ ಒಂದು ಏಟು. ಊರಲ್ಲಿ ಯಾರಾದರೂ ಗೋಡೆ ನೋಡಿಕೊಂಡು ಟೈಪು ಮಾಡುತ್ತಿದ್ದರೆ ಅವರು ಟೀಚರ ಶಿಷ್ಯರೆಂದು ಈಗಲೂ ಹೇಳಬಹುದು.

ಟೈಪ್‌ರೈಟರುಗಳ ಕಾಲ ಮುಗಿದಾಗ ಯಂತ್ರಗಳು ಗುಜರಿಗೆ ಹೋದವು. ಟೀಚರು ಹೋಗಲಿಲ್ಲ. ಶಿಷ್ಯರ ಅಂಗಡಿಗಳಿಗೆ ಹೋಗಿ, ಅವರ ಹಿಂದೆ ನಿಂತು, ಬೈಯುತ್ತ ಬೈಯುತ್ತಲೇ ಕಂಪ್ಯೂಟರು ಕಲಿತರು. ಗಂಡ ತೀರಿಕೊಂಡ ಮೇಲೆ ಅದೇ ಅವರ ದುಡಿಮೆಯಾಯಿತು. ಹಳೇ ಮೊಪೆಡ್ಡು, ಕೊರಳಿಗೆ ದಾರದಲ್ಲಿ ನೇತಾಡುವ ಕನ್ನಡಕ, ಚೀಲದಲ್ಲಿ ಧೂಳು ಊದುವ ಬ್ಲೋಯರು, ಜೊತೆಗೆ ಅದೇ ಸ್ಕೇಲು. ಮೊಪೆಡ್ಡಿನ ಸದ್ದು ಬೀದಿಯ ತುದಿಯಲ್ಲಿ ಕೇಳಿದರೆ ಸಾಕು, ಸತ್ತು ಬಿದ್ದ ಕಂಪ್ಯೂಟರುಗಳು ತಾವಾಗಿಯೇ ಎದ್ದು ಕೂರುತ್ತಿದ್ದವು. ಅದಕ್ಕೆ ನಾನೇ ಸಾಕ್ಷಿ.

ಅವರು ತೆಗೆಯುತ್ತಿದ್ದುದು ಹೊರಗಿನ ಧೂಳನ್ನು ಮಾತ್ರವಲ್ಲ. "ಈ ಸಾಫ್ಟ್‌ವೇರುಗಳು ಮದುವೆ ಅಡಿಗೆಯವರ ಹಾಗೆ ಕಣ್ರೋ" ಎನ್ನುತ್ತಿದ್ದರು. "ಕೆಲಸ ಮಾಡುವಾಗ ಹಿತ್ತಲ ತುಂಬ ಒಲೆ ಹೂಡ್ತವೆ. ಹೋಗುವಾಗ ಬೂದಿ ಅಲ್ಲೇ ಬಿಟ್ಟು ಹೋಗ್ತವೆ. ಅದೂ ನಿಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ." ಆ ಬೂದಿಗೆ ತಾತ್ಕಾಲಿಕ ಫೈಲು, ಅಂದರೆ ಟೆಂಪ್ ಫೈಲು, ಎಂದು ಹೆಸರು. ಟೀಚರು ಮೊದಲು ಅಡಗಿದ್ದನ್ನೆಲ್ಲ ಕಾಣುವಂತೆ ಮಾಡುವರು. ಆಮೇಲೆ ಅನುಮಾನ ಬಂದದ್ದನ್ನು ಒಂದೊಂದಾಗಿ ತೆರೆದು, ಅಂಗಡಿಯವನನ್ನು ಪಕ್ಕಕ್ಕೆ ಕೂರಿಸಿಕೊಂಡು, "ಇದು ಯಾರು? ಬೇಕಾ, ಬೇಡ್ವಾ?" ಎಂದು ಕೇಳುವರು. ಬೇಡ ಎಂದು ಬಾಯಿಬಿಟ್ಟು ಹೇಳಿದ ಮೇಲೇ ಅಳಿಸುವುದು. ಅವರು ಒಂದು ಕಂಪ್ಯೂಟರಿನ ಮುಂದೆ ಕೂತು ಏಳುವಷ್ಟರಲ್ಲಿ, ಬ್ಯಾನರಿನ ಮದುಮಕ್ಕಳಿಗೆ ಮಗು ಹುಟ್ಟಿ, ಅದರ ಕಿವಿ ಚುಚ್ಚುವ ಬ್ಯಾನರಿಗೂ ಹೇಳಿಕಳಿಸಿರುತ್ತಿದ್ದರು.

ನನ್ನ ಪಕ್ಕದ ಅಂಗಡಿ ಕಾಶಿಮಾಯನದು. ಕೈ ಚಿನ್ನ, ತಾಳ್ಮೆ ಮಾತ್ರ ಇಲ್ಲ. ನಮ್ಮ ಬೀದಿಯವರಿಗೆಲ್ಲ ಇರುವ ಒಂದು ಚಾಳಿ ಅವನಿಗೂ ಇತ್ತು. ಗಿರಾಕಿ ಮೇಲ್‌ನಲ್ಲಿ ಚಿತ್ರ ಕಳಿಸಿದರೆ ಅಲ್ಲಿಂದಲೇ ತೆರೆಯುವುದು, ಅಲ್ಲೇ ತಿದ್ದುವುದು, ಸೇವ್ ಒತ್ತುವುದು. ಅದು ಎಲ್ಲಿ ಹೋಗಿ ಕೂತಿತು ಎಂದು ಯಾರಿಗೂ ಗೊತ್ತಿಲ್ಲ. ಮರುದಿನ 'ಇತ್ತೀಚೆಗೆ ತೆರೆದದ್ದು' ಎಂಬ ಸಾಲಿನಲ್ಲಿ ಅದರ ಹೆಸರು ಇರುತ್ತದೆ, ಒತ್ತಿದರೆ ಬರುತ್ತದೆ, ಅಷ್ಟೇ.

"ಅದು ಟೆಂಪ್ ಫೋಲ್ಡರಿನಲ್ಲಿ, ಕಸದ ಮಧ್ಯೆ ಕೂತಿದೆ ಕಣೋ" ಎಂದು ಟೀಚರು ಅವನಿಗೆ ಎಷ್ಟೋ ಸಲ ಹೇಳಿದ್ದರು. "ಫೈಲಿಗೆ ಒಂದು ಮನೆ ಕೊಡು."

"ನಂಗೇ ಬಾಡಿಗೆ ಮನೆ ಟೀಚರಮ್ಮ. ಫೈಲಿಗೆ ಎಲ್ಲಿಂದ ತರ್ಲಿ?" ಎನ್ನುವನು ಇವನು.

ಹೀಗಿರುವಾಗ ಮೊಕ್ಕಸಾಮಿ ಬಂದ. ಮಾಟ್ಟುತ್ತಾವಣಿ ಮಾರುಕಟ್ಟೆಯಲ್ಲಿ ನುಗ್ಗೆಕಾಯಿ ಸಗಟು ವ್ಯಾಪಾರಿ. ಅವನ ಮೀಸೆಯ ಒಂದೊಂದು ತುದಿಯಲ್ಲಿ ಒಂದೊಂದು ಕಟ್ಟು ನುಗ್ಗೆಕಾಯಿ ನೇತುಹಾಕಬಹುದು. ತಂಗಿ ಪಂಚವರ್ಣಂಳ ಮಗುವಿಗೆ ಆ ಭಾನುವಾರ ಕಿವಿ ಚುಚ್ಚುವ ಶಾಸ್ತ್ರ. ಮಗು ಸೋದರಮಾವನ ತೊಡೆಯ ಮೇಲೇ ಕೂರಬೇಕು, ಸೀರೆ, ಹಣ್ಣು, ಬೆಳ್ಳಿಯ ತಟ್ಟೆಗಳೂ ಸೋದರಮಾವನ ಕಡೆಯಿಂದಲೇ ಬರಬೇಕು. ಏನು ಬೇಕು ಕೇಳು ಎಂದು ಅಣ್ಣ ಮೀಸೆ ತಿರುವಿದಾಗ ತಂಗಿ ಕೇಳಿದ್ದು ಒಂದೇ: "ಅಮ್ಮನ ಮುಖ ಒಂದು ಸಲ ತೋರ್ಸಣ್ಣ."

ಪಂಚವರ್ಣಂ ಹುಟ್ಟಿದ ವಾರದೊಳಗೇ ತಾಯಿ ಹೋಗಿಬಿಟ್ಟಿದ್ದಳು. ಇದ್ದದ್ದು ಒಂದೇ ಒಂದು ಫೋಟೋ. ಅದರಲ್ಲಿ ಗೆದ್ದಲು ಬಿಟ್ಟದ್ದು ಹಣೆ, ಬೈತಲೆ, ಒಂದು ಕಿವಿ. ಮಿಕ್ಕ ಮುಖ ನೆನಪಿದ್ದದ್ದು ಮೊಕ್ಕಸಾಮಿಗೆ ಮಾತ್ರ. ಆಗ ಅವನು ಹತ್ತು ವರ್ಷದ ಹುಡುಗ.

ದಿನಾ ಮಧ್ಯಾಹ್ನ ಮಾರುಕಟ್ಟೆ ಮುಗಿಸಿ ಬಂದು ಕಾಶಿಮಾಯನ ಪಕ್ಕ ಕೂರುತ್ತಿದ್ದ. ನಮ್ಮೂರಲ್ಲಿ ನಂಟಿಲ್ಲದಿದ್ದರೂ ಹಿರಿಯ ಮಾಮ, ಕಿರಿಯ ಮಾಪಿಳ್ಳೆ, ಅಂದರೆ ಅಳಿಯ.

"ಮೂಗು ಇನ್ನೂ ಸ್ವಲ್ಪ ಅಗಲ."

"ಮಾಮ, ಇನ್ನೂ ಅಗಲ ಮಾಡಿದ್ರೆ ಬ್ಯಾನರು ಹರಿಯುತ್ತೆ."

"ನಿಮ್ಮಮ್ಮನ ಮೂಗಲ್ಲ ಅದು, ನಮ್ಮಮ್ಮಂದು. ಅಗಲ ಮಾಡು. ತುಟಿ ಹಾಗಲ್ಲ, ಬೈಯೋಕೆ ಮುಂಚೆ ಸ್ವಲ್ಪ ನಗ್ತಿದ್ಲು. ಆ ನಗು ತಾ."

ಬೈಯುವ ಮುಂಚಿನ ನಗು ತರಲು ಕಾಶಿಮಾಯ ಹೆಚ್ಚುಕಮ್ಮಿ ಒಂದು ತಿಂಗಳು ಒದ್ದಾಡಿದ. ಬುಧವಾರ ಮಧ್ಯಾಹ್ನ ಕೊನೆಗೂ ಮುಖ ಬಂತು. ಮೊಕ್ಕಸಾಮಿ ನೋಡಿದ. ಪರದೆಯ ಕಡೆ ಬೆರಳು ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ. "ಎಡಗಡೆ ಮೂಗುತಿ" ಎಂದ. ಕಾಶಿಮಾಯ ಮೂಗುತಿ ಇಟ್ಟು ಸೇವ್ ಒತ್ತಿದ. ಆ ಮನುಷ್ಯ ಎದ್ದು ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದ. ಹಿಂದೆಯೇ ಕರೆಂಟೂ ನಡೆದುಬಿಟ್ಟಿತು.

ಕರೆಂಟು ಬಂದಾಗ ಕಂಪ್ಯೂಟರು ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಹಟ ಹಿಡಿಯಿತು. ಟೀಚರು ಅಕ್ಕನ ಮನೆಗೆಂದು ದಿಂಡುಕ್ಕಲ್‌ಗೆ ಹೋಗಿದ್ದರು, ಬರುವುದು ಶುಕ್ರವಾರ. ಕಾಶಿಮಾಯನಿಗೆ ಅಷ್ಟು ತಡೆಯುವ ತಾಳ್ಮೆ ಎಲ್ಲಿಂದ ಬರಬೇಕು? ಒಂದೇ ಗುಂಡಿ ಒತ್ತಿದರೆ ಎಲ್ಲ ಕಸ ಮಾಯ ಎನ್ನುವ ಯಾವುದೋ ಪುಕ್ಕಟೆ ಸಾಫ್ಟ್‌ವೇರನ್ನು ಇಳಿಸಿಕೊಂಡು ಗುಂಡಿ ಒತ್ತಿಯೇಬಿಟ್ಟ. ಕಸ ಮಾಯವಾಯಿತು. "ನೋಡು ಪೆರಿಸು" ಎಂದ ನನಗೆ; ಮುದುಕರನ್ನು ಇಲ್ಲಿ ಹಾಗೇ ಕರೆಯುವುದು. "ಟೀಚರಮ್ಮನಿಗೆ ಇಡೀ ದಿನ ಬೇಕು. ನಂಗೆ ಒಂದು ಟೀ ಕುಡಿಯೋ ಹೊತ್ತು ಸಾಕು."

ಶುಕ್ರವಾರ ಬೆಳಿಗ್ಗೆ ಮುದ್ರಣಕ್ಕೆ ಕಳಿಸಲೆಂದು 'ಇತ್ತೀಚೆಗೆ ತೆರೆದದ್ದು' ಸಾಲಿನಲ್ಲಿ ಆ ಹೆಸರನ್ನು ಒತ್ತಿದ. ಫೈಲು ಸಿಗುತ್ತಿಲ್ಲ ಎಂದಿತು. ಮತ್ತೆ ಒತ್ತಿದ, ಮತ್ತೂ ಒತ್ತಿದ. ಮೇಲ್‌ನಲ್ಲಿ ಗೆದ್ದಲು ತಿಂದ ಹಳೇ ಫೋಟೋ ಮಾತ್ರ ಹಣೆ ಮತ್ತು ಕಿವಿ ತೋರಿಸಿಕೊಂಡು ಕೂತಿತ್ತು. ಕಾಶಿಮಾಯನ ಮುಖದ ರಕ್ತವೆಲ್ಲ ಇಳಿದುಹೋದದ್ದನ್ನು ನೋಡಿ ನಾನು ಸುತ್ತಿಗೆ ಕೆಳಗಿಟ್ಟೆ.

ಅಷ್ಟರಲ್ಲಿ ಮೊಕ್ಕಸಾಮಿಯೇ ಬಂದ. ವಿಷಯ ಕೇಳಿದ ಮೇಲೆ ಅವನು ಅಂಗಡಿಯನ್ನು ಎತ್ತಿ ವೈಗೈಗೆ ಎಸೆಯುತ್ತಾನೆ ಎಂದುಕೊಂಡೆ. ಅವನು ಸುಮ್ಮನೆ ಸ್ಟೂಲಿನ ಮೇಲೆ ಕೂತ.

"ಮಾಮ, ಮತ್ತೆ ಮಾಡೋಣ. ಇವತ್ತೇ ಮಾಡ್ತೀನಿ. ನೀವು ಹೇಳ್ತಾ ಹೋಗಿ" ಎಂದ ಕಾಶಿಮಾಯ. ದನಿ ಅಳುವ ಹಾಗಿತ್ತು.

ಮೊಕ್ಕಸಾಮಿ ಕಣ್ಣು ಮುಚ್ಚಿದ. "ಬರ್ತಿಲ್ಲ ಮಾಪಿಳ್ಳೆ" ಎಂದ. "ಇಷ್ಟು ವರ್ಷ ಒಳಗೇ ಇಟ್ಕೊಂಡಿದ್ದೆ. ನಿನ್ನ ಪೆಟ್ಟಿಗೆಯೊಳಗೆ ಬಂತಲ್ಲ ಅಂತ ಒಳಗಿಂದು ಬಿಟ್ಟುಬಿಟ್ಟೆ ಅಂತ ಕಾಣುತ್ತೆ. ಈಗ ಕಣ್ಣು ಮುಚ್ಚಿದ್ರೆ ನಿನ್ನ ಅಂಗಡಿ ಕಾಣುತ್ತೆ, ನಿನ್ನ ಮೌಸು ಕಾಣುತ್ತೆ. ಅವಳು ಕಾಣ್ತಿಲ್ಲ."

ನಲವತ್ತು ಬ್ಯಾನರಿನಷ್ಟು ಅಗಲದ ಆ ಮನುಷ್ಯ ಸ್ಟೂಲಿನ ಮೇಲೆ ಅಂಚೆಚೀಟಿಯಷ್ಟಾಗಿದ್ದ.

ಮೊಪೆಡ್ಡಿನ ಸದ್ದು ಕೇಳಿದಾಗ ನಾನು ಮೀನಾಕ್ಷಿಗೆ ಕೈಮುಗಿದೆ, ಸುಳ್ಳಲ್ಲ. ಟೀಚರು ಬಂದರು, ಕೇಳಿದರು, ಮೊದಲು ಸ್ಕೇಲು ತೆಗೆದು ಕಾಶಿಮಾಯನ ಗೆಣ್ಣಿಗೆ ಒಂದು ಕೊಟ್ಟರು.

"ಇದು ಫೈಲಿಗೆ ಮನೆ ಕೊಡದಿದ್ದಕ್ಕೆ." ಇನ್ನೊಂದು. "ಇದು ನೋಡದೆ ಗುಡಿಸಿದ್ದಕ್ಕೆ. ಈಗ ಏನೂ ಮುಟ್ಟಬೇಡ. ಬುಧವಾರ ಕರೆಂಟು ಹೋದಾಗ ಆ ಮುಖ ತೆರೆದೇ ಇತ್ತಾ?"

"ಇತ್ತು ಟೀಚರಮ್ಮ. ಮುಚ್ಚೋಕೆ ಹೊತ್ತೇ ಸಿಗ್ಲಿಲ್ಲ."

"ಹಾಗಾದ್ರೆ ಒಂದು ಆಸೆ ಇದೆ" ಎಂದು ಕನ್ನಡಕ ಏರಿಸಿದರು. "ಈ ಸಾಫ್ಟ್‌ವೇರು ಕರೆಂಟಿಗೆ ಹೆದರಿ ಆಗಾಗ ತನಗೇ ಅಂತ ಒಂದು ನಕಲು ಬಚ್ಚಿಟ್ಟುಕೊಳ್ಳುತ್ತೆ. ಸರಿಯಾಗಿ ಮುಚ್ಚಿದ್ರೆ ತಾನೇ ಅಳಿಸುತ್ತೆ. ನಡುವೆ ಕರೆಂಟು ಹೋದ್ರೆ ಅಳಿಸೋಕೆ ಅದಕ್ಕೆ ಕೈ ಇರಲ್ಲ. ನಿನ್ನ ಪುಕ್ಕಟೆ ಪೊರಕೆ ಆ ಮೂಲೆಗೆ ಹೋಗಿರದಿದ್ರೆ ಸಾಕು."

ಅಡಗಿದ್ದನ್ನೆಲ್ಲ ಹೊರಗೆ ಕರೆದರು. ಅಬ್ಬಾ, ಆ ಮೂಲೆಯಲ್ಲಿ ಎಂಥ ಜನಸಾಗರ! ಮಳೆಗಾಲದಿಂದ ಹೋದ ಒಂದೊಂದು ಕರೆಂಟಿಗೂ ಒಂದೊಂದು ನಕಲು. ಹೆಸರೆಂದರೆ ಬರೀ ಅಂಕಿ, ಗೀಟು. ಹೆಸರು ನೋಡಿ ಯಾರು ಯಾರೆಂದು ಹೇಳುವಂತಿರಲಿಲ್ಲ. ಟೀಚರು ಮೊಕ್ಕಸಾಮಿಯನ್ನು ಪಕ್ಕಕ್ಕೆ ಎಳೆದು ಕೂರಿಸಿ ಒಂದೊಂದಾಗಿ ತೆರೆಯತೊಡಗಿದರು.

ತಲೆಯಿಲ್ಲದ ಮದುಮಗ ಬಂದ. "ಇದು ಯಾರು?"

"ಅಲ್ಲ."

ಸಿಂಹದ ಮೇಲೆ ಕೂತ ವಾರ್ಡ್ ಕೌನ್ಸಿಲರ್ ಬಂದ. "ಇದು?"

"ನಮ್ಮಮ್ಮನಿಗೆ ಇಷ್ಟು ಹೊಟ್ಟೆ ಇರ್ಲಿಲ್ಲ ಟೀಚರಮ್ಮ."

ನಾನು ನಕ್ಕೆ. ಅವನೂ ಸ್ವಲ್ಪ ನಕ್ಕ. ಹಾಗೇ ಮುದುಕಿಯರು, ಜೋಡಿಗಳು, ಹುಟ್ಟುಹಬ್ಬದ ಕೂಸುಗಳು, ಬಿರಿಯಾನಿ ಅಂಗಡಿಯ ಕೋಳಿಗಳು ಬಂದು ಹೋದವು. ಕಾಶಿಮಾಯ ನಿಂತಲ್ಲೇ ಉಗುರು ಕಚ್ಚುತ್ತಿದ್ದ, ಇನ್ನು ಸ್ವಲ್ಪ ಹೊತ್ತಾಗಿದ್ದರೆ ಮೊಣಕೈವರೆಗೂ ತಿಂದುಬಿಡುತ್ತಿದ್ದ. ಟೀಚರ ಕೈ ಮಾತ್ರ ಅವಸರಪಡಲಿಲ್ಲ. ಕೆಲವು ತೆರೆಯಲೇ ಇಲ್ಲ, ಮುರಿದುಹೋಗಿದ್ದವು. ಪ್ರತಿಸಲ ಹಾಗಾದಾಗ ಅವರು ಮೊಕ್ಕಸಾಮಿಯ ಕಡೆ ನೋಡದೆ ಮುಂದಿನದಕ್ಕೆ ಹೋಗುತ್ತಿದ್ದರು.

ಆಮೇಲೆ ಒಂದು ನಿಧಾನವಾಗಿ ಬಿಡಿಸಿಕೊಂಡಿತು. ಮೊದಲು ಬೈತಲೆ, ಆಮೇಲೆ ಹಣೆ, ಕಣ್ಣು, ಅಗಲವಾದ ಮೂಗು, ಬೈಯುವ ಮುಂಚಿನ ನಗು.

ಟೀಚರು ಮೌಸಿನಿಂದ ಕೈ ತೆಗೆದರು. ಮೊಕ್ಕಸಾಮಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದ. ಬೆರಳ ಸಂದಿಯಿಂದ ಮಾತು ಬಂತು. "ಮೂಗುತಿ ಇಲ್ಲ."

"ಅದಕ್ಕೂ ಮುಂಚಿನ ನಕಲು" ಎಂದರು ಟೀಚರು. "ಎಲ್ಲಿ ಹಾಕ್ಬೇಕು, ನೆನಪಿದೆಯಾ?"

"ಎಡಗಡೆ. ಈಗ ಕಾಣ್ತಿದ್ದಾಳೆ. ಎಡಗಡೆ."

ಟೀಚರು ಆ ಫೈಲಿಗೆ ಹೆಸರಿಟ್ಟು, ಮನೆ ಕೊಟ್ಟು, ಇನ್ನೆರಡು ಕಡೆ ನಕಲನ್ನೂ ಇಟ್ಟರು. ಆಮೇಲೆ ಕಾಶಿಮಾಯನನ್ನು ಕೂರಿಸಿಕೊಂಡು ತಲೆಯಿಲ್ಲದ ಮದುಮಗನಿಂದ ಶುರುಮಾಡಿ ಪ್ರತಿಯೊಂದಕ್ಕೂ "ಬೇಕಾ, ಬೇಡ್ವಾ?" ಕೇಳಿ ಅಳಿಸಿದರು. ಈ ಸಲ ಅವನು ತುಟಿಪಿಟಕ್ಕೆನ್ನದೆ ಕೊನೆಯವರೆಗೂ ಕೂತ.

ಭಾನುವಾರ ಅವರ ಕುಲದೇವರ ಗುಡಿಯ ಮುಂದೆ ಬ್ಯಾನರು ಎದ್ದು ನಿಂತಿತು. ಚೌಕಟ್ಟಿಗೆ ನನ್ನ ಬಳಿ ಇದ್ದ ಒಳ್ಳೇ ಮರವನ್ನೇ ಹಾಕಿದ್ದೆ. ಬಿರುಗಾಳಿ ಬಂದರೆ ಗುಡಿ ಹಾರೀತು, ಬ್ಯಾನರು ಹಾರದು. ಪಂಚವರ್ಣಂ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಅದರ ಎದುರು ನಿಂತಳು. ಮೇಳದವರು ಬಾರಿಸುವುದನ್ನು ನಿಲ್ಲಿಸಿದರು, ಯಾರೂ ಹೇಳಿರಲಿಲ್ಲ.

"ಅಣ್ಣ" ಎಂದಳು ಕೊನೆಗೆ. "ಇವಳು ನನಗಿಂತ ಚಿಕ್ಕೋಳು."

"ಹೂಂ" ಎಂದ ಮೊಕ್ಕಸಾಮಿ. "ಅವಳು ಅಲ್ಲೇ ನಿಂತುಬಿಟ್ಲು. ನಾವೇ ಮುಂದೆ ಬಂದ್ವಿ."

"ನಿನ್ನ ನೋಡಿ ಬೈಯೋ ಹಾಗಿದ್ದಾಳೆ."

"ಬೈಲಿ. ಬೈಸ್ಕೊಂಡು ಎಷ್ಟು ಕಾಲ ಆಯ್ತು."

ಮಗು ಸೋದರಮಾವನ ತೊಡೆಯ ಮೇಲೆ ಕೂತು, ಕಿವಿ ಚುಚ್ಚಿದಾಗ ರಾಮೇಶ್ವರದ ದೋಣಿಗಳು ದಡಕ್ಕೆ ತಿರುಗುವಷ್ಟು ಜೋರಾಗಿ ಕಿರುಚಿತು. ಊಟದ ಪಂಕ್ತಿಯಲ್ಲಿ ಟೀಚರು ನನ್ನ ಪಕ್ಕ ಕೂತಿದ್ದರು. ಪಂಚವರ್ಣಂ ಬಡಿಸುವವರ ಕೈಯಿಂದ ಬಕೆಟ್ಟು ಕಿತ್ತುಕೊಂಡು ತಾನೇ ಬಂದಳು. ಸೌಟು ತುಂಬ ಮಟನ್ ಎತ್ತಿ ಟೀಚರ ಎಲೆಗೆ ಹಾಕಿದಳು, ಮತ್ತೆ ಹಾಕಿದಳು.

"ಸಾಕು ತಾಯಿ" ಎಂದು ಟೀಚರು ಎಲೆಗೆ ಕೈ ಅಡ್ಡ ಹಿಡಿದರು.

ಅವಳು ಆ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು ಮತ್ತೆ ಹಾಕಿದಳು. ನನ್ನ ಎಲೆಯ ಕಡೆ ತಿರುಗಿಯೂ ನೋಡಲಿಲ್ಲ. ಆ ಮಟನ್ ಗುಡ್ಡದ ಆಚೆ ಟೀಚರು ಕಾಣುತ್ತಿರಲಿಲ್ಲ, ಅವರ ಕನ್ನಡಕ ಮಾತ್ರ ಕಾಣುತ್ತಿತ್ತು. ಅದು ಒದ್ದೆಯಾಗಿತ್ತು. ಸಾರಿನ ಆವಿ ಎಂದರು. ನಾನು ಹೂಂ ಎಂದೆ.