ಹೂಂಗುಟ್ಟುವವಳು

ನನಗೆ ಹೊಟ್ಟೆಕಿಚ್ಚು ಜಾಸ್ತಿ ಅಂತ ನಮ್ಮೆಜಮಾನರು ರಾಮಕೃಷ್ಣ ಹೇಳ್ತಾನೇ ಇರ್ತಾರೆ. ಹೇಳಲಿ ಬಿಡಿ. ಇಪ್ಪತ್ತು ವರ್ಷದ ಗೆಳತಿಯನ್ನು ಕಣ್ಣೆದುರಿಗೇ ಇನ್ನೊಬ್ಬಳು ಹಾರಿಸಿಕೊಂಡು ಹೋದರೆ ತಣ್ಣಗಿರೋಕೆ ನನ್ನ ಹೊಟ್ಟೆ ಏನು ಮಣ್ಣಿನ ಹೂಜಿಯಾ?

ಗೌರಿ ಧಾರವಾಡದವಳು, ನಾನು ಮೈಸೂರಿನವಳು. ಊರಲ್ಲೇ ಇದ್ದಿದ್ದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬಂಗಾಳಿಗಳ ಈ ಊರಿಗೆ ಬಂದ ಮೇಲೆ, ಗರಿಯಾಹಾಟು ಪೇಟೆಯ ಸೀರೆ ಅಂಗಡಿಯಲ್ಲಿ ಪಕ್ಕದಲ್ಲಿ ನಿಂತ ಹೆಂಗಸು, "ಇದರ ಬಣ್ಣ ಬಿಡೂದಿಲ್ಲ ಅಂತ ಏನ ಗ್ಯಾರಂಟಿ?" ಅಂತ ತನ್ನಷ್ಟಕ್ಕೆ ಗೊಣಗಿದ್ದು ಕಿವಿಗೆ ಬಿತ್ತು ನೋಡಿ, ಹಿಂದೆಮುಂದೆ ನೋಡದೆ ಅವಳ ಕೈ ಹಿಡಿದುಕೊಂಡುಬಿಟ್ಟೆ. ಅವಳ ಗಂಡ ಬಸವಲಿಂಗಪ್ಪನವರು ರೈಲ್ವೆಯಲ್ಲಿದ್ದರು, ಇವಳು ಆಸ್ಪತ್ರೆಯಲ್ಲಿ ನರ್ಸು. ಆಮೇಲೆ ನಮ್ಮ ಬಿಲ್ಡಿಂಗಿನಲ್ಲೇ, ನಮ್ಮ ಕೆಳಗಿನ ಮಹಡಿಗೇ ಬಂದರು. ಸಂಜೆಯ ಚಹಾ ನಮ್ಮಿಬ್ಬರದೇ. ಅವಳು ಶುಂಠಿ ಜಜ್ಜಿ ಹಾಕುವಳು, ನಾನು ಮಾತು ಹಾಕುವೆ. ಈ ದೊಡ್ಡ ಊರಿನಲ್ಲಿ ಅವಳಿಗೆ ಅಂತ ಇರೋದು ನಾನೊಬ್ಬಳೇ ಅಂತ ನಾನು ತಿಳಿದಿದ್ದೆ.

ಅವಳು ರಿಟೈರಾದ ಮೇಲೆ ಶುರುವಾಯಿತು ಶನಿಕಾಟ. ನಮ್ಮ ವಾರ್ಡಿನ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಡಿ ಅಂತ ಒಂದು ಸಂಸ್ಥೆಯವರು ಕರೆದರು. ಮನೆಮನೆಗೆ ಹೋಗಿ ಬಸುರಿಯರನ್ನು, ಬಾಣಂತಿಯರನ್ನು ನೋಡಿಕೊಳ್ಳೋ ಹೆಂಗಸರು ಇವರು. ಅವರಲ್ಲಿ ಅಪರ್ಣಾ ಅಂತ ಒಬ್ಬಳು. ರೈಲು ಹಳಿ ಪಕ್ಕದ ಕೊಳೆಗೇರಿ ಅವಳ ಪಾಲಿಗೆ. ವಾರವಾರ ಅವಳೇ ತೂಕ ಹಾಕುತ್ತಿದ್ದ ಮಗುವೊಂದು ಜ್ವರ ಬಂದು ತೀರಿಕೊಂಡಿತು. ಮನೆಯವರು ಅವಳ ಮುಖಕ್ಕೇ ಬಾಗಿಲು ಹಾಕಿದರು. ಅವಳು ಮನೆಗೆ ಬಂದು ಅನ್ನಕ್ಕಿಟ್ಟು ಒಲೆ ಹಚ್ಚದೆ ಅದರ ಮುಂದೆ ಕೂತಿದ್ದಳಂತೆ. ಮಾರನೇ ದಿನ, ಕೆಲಸ ಬಿಡ್ತೀನಿ ಅಂತ ಗೌರಿ ಹತ್ತಿರ ಬಂದಳು.

"ತೂಕ ಮಾಡೂದು, ಬಿ.ಪಿ. ನೋಡೂದು ಎಲ್ಲಾ ಕಲಿಸ್ಯಾರ ಜಾನಕಿ," ಅಂದಳು ಗೌರಿ ನನ್ನ ಹತ್ತಿರ. "ಸತ್ತ ಮನಿಯಿಂದ ಹೊರಗ ಬಂದ ಮ್ಯಾಲೆ ಇವರೇನ ಮಾಡಬೇಕು ಅನ್ನೂದನ್ನ ಮಾತ್ರ ಯಾರೂ ಕಲಿಸಿಲ್ಲ."

ಅದಕ್ಕೆ ಇವಳು ಜೋಡಿ ಕಟ್ಟಿದಳು. ಒಬ್ಬೊಬ್ಬಳಿಗೂ ಒಬ್ಬೊಬ್ಬಳು ಜೋಡಿ. ಮನಸ್ಸು ಕೆಟ್ಟ ದಿನ ಒಲೆ ಹಚ್ಚೋ ಮೊದಲು ಜೋಡಿಗೆ ಫೋನ್ ಮಾಡಬೇಕು. ಆ ಕಡೆಯವಳು ಬುದ್ಧಿ ಹೇಳಬಾರದು, ಬೈಯಬಾರದು, ತನ್ನ ಕತೆ ತೆಗೆಯಬಾರದು. ಬರೀ ಹೂಂಗುಟ್ಟಬೇಕು. ಕೇಳಿದ್ದು ಇನ್ನೊಂದು ಕಿವಿಗೆ ಹೋಗಬಾರದು. ಎಲ್ಲರಿಗೂ ಜೋಡಿ ಸಿಕ್ಕಿ ಕೊನೆಗೆ ಅಪರ್ಣಾ ಒಬ್ಬಳೇ ಉಳಿದಳು. "ನನಗೂ ಒಬ್ಬಾಕಿ ಬೇಕಲ್ಲ" ಅಂತ ಗೌರಿ ಅವಳನ್ನೇ ತನ್ನ ಜೋಡಿ ಮಾಡಿಕೊಂಡಳು.

ನಿನಗೂ ಒಬ್ಬಳು ಬೇಕಂತೆ! ಮತ್ತೆ ನಾನೇನು ಸತ್ತುಹೋಗಿದ್ದೆನಾ?

ಸಂಜೆಯ ಚಹಾಕ್ಕೆ ಕುತ್ತು ಬಂತು. ಲೋಟ ಕೈಗೆ ತಗೊಳ್ಳೋ ಹೊತ್ತಿಗೆ ಫೋನು. "ಗೌರಿದಿ, ಗೌರಿದಿ" ಅಂತ, ನಾವು ಅಕ್ಕಾ ಅಕ್ಕಾ ಅಂದ ಹಾಗೆ, ಆ ಕಡೆಯಿಂದ ರಾಗ. ಇವಳು ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುವಳು. ಗಾಜಿನಾಚೆ ಒಮ್ಮೊಮ್ಮೆ ಇವಳದೇ ಬಾಯಿ ಆಡೋದು ಕಾಣಿಸೋದು. ಏನಪ್ಪಾ ಅಷ್ಟೊಂದು ಮಾತು? ನನ್ನ ಹತ್ತಿರ ಇಲ್ಲದ್ದು? ನನ್ನ ಮೈಯೆಲ್ಲ ಉರಿಯೋದು. ಬಸವಲಿಂಗಪ್ಪನವರು ಪೇಪರ್ ಹಿಡಿದು ಮೂಲೆಯಲ್ಲಿ ಕೂತಿರುತ್ತಿದ್ದರು. ಅವರೂ ಮೊದಲಿನ ಹಾಗೆ ಹರಟೆ ಕೊಚ್ಚುತ್ತಿರಲಿಲ್ಲ. ನಾನು ಆರಿದ ಚಹಾ ಕುಡಿದು ಮುಖ ಊದಿಸಿಕೊಂಡು ಮೇಲೆ ಬರುತ್ತಿದ್ದೆ.

ಒಂದು ದಿನ ತಡೆಯಲಾರದೆ, ನಾನೂ ಬರ್ತೀನಿ ನಿನ್ನ ತರಬೇತಿಗೆ ಅಂದೆ. ಅವಳು ಬಾ ಅಂದಳು. ಪಾಡಾದ, ಅಂದರೆ ನಮ್ಮ ಕೇರಿಯ, ಕ್ಲಬ್ಬಿನ ಕೋಣೆ. ಕೇರಂ ಬೋರ್ಡನ್ನು ಗೋಡೆಗೆ ಒರಗಿಸಿ ಚಾಪೆ ಹಾಸಿದ್ದರು. ಅಪರ್ಣಾ ಹೇಗಿದ್ದಾಳೋ ಅಂತ ನೋಡಿದರೆ, ಒಂದು ಕಡ್ಡಿ ಹೆಂಗಸು. ಮಾತು ಕಡಿಮೆ, ಕಣ್ಣು ಮಾತ್ರ ದೊಡ್ಡದು. ಇವಳಲ್ಲಿ ಏನಿದೆ ಅಂತ!

ಅವತ್ತಿನ ಅಭ್ಯಾಸ ಅಂದರೆ ಒಬ್ಬಳು ಕಷ್ಟ ಹೇಳಬೇಕು, ಎದುರಿಗೆ ಕೂತವಳು ಹೂಂಗುಟ್ಟಬೇಕು. ನನ್ನೆದುರಿಗೆ ಸಿಂಧೂರ ಅನ್ನೋ ಕಾರ್ಯಕರ್ತೆ ಕೂತಳು. ಒಂದು ಮನೆಯ ಬಸುರಿ ಸೊಸೆಗೆ ಕಬ್ಬಿಣದ ಮಾತ್ರೆ ಕೊಡೋಕೆ ಹೋಗಿದ್ದಳಂತೆ, ಅತ್ತೆ ಪಾತ್ರೆ ತೊಳೆದ ನೀರನ್ನು ಇವಳ ಕಾಲ ಮೇಲೆ ಚೆಲ್ಲಿದಳಂತೆ. ನಾನು ಹೂಂ ಅಂದೆ. ಇನ್ನೊಂದು ಹೂಂ ಅಂದೆ. ಮೂರನೆಯದು ಗಂಟಲಲ್ಲೇ ಸಿಕ್ಕಿಕೊಂಡಿತು. "ಅಯ್ಯೋ ಸುಮ್ಮನೆ ಬಂದೆಯಾ? ಅದೇ ಪಾತ್ರೆ ಕಿತ್ಕೊಂಡು ಅವಳ ತಲೆ ಮೇಲೆ ಕುಕ್ಕೋದಲ್ವಾ? ನಮ್ಮತ್ತೆಯೂ ಹೀಗೇ..." ಅಂತ ನನ್ನ ಅರ್ಧಂಬರ್ಧ ಬಂಗಾಳಿಯಲ್ಲಿ ಶುರುಹಚ್ಚಿಕೊಂಡೆ. ಕೋಣೆಯೆಲ್ಲ ನಕ್ಕಿತು. ಸಿಂಧೂರ ಮಾತ್ರ ನಗಲಿಲ್ಲ, ಹೇಳುತ್ತಿದ್ದುದನ್ನು ಅಲ್ಲಿಗೇ ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು.

"ಜಾನಕಿ, ನೀ ಚಾ ಹಂಚವಾ," ಅಂದಳು ಗೌರಿ.

ಚಹಾ ಹಂಚಬೇಕಂತೆ ನಾನು! ಅಪರ್ಣಾಳಿಗೆ ಮಣ್ಣಿನ ಕುಡಿಕೆ ಕೊಡುವಾಗ ಬೇಕಂತಲೇ ಅರ್ಧ ಮಾತ್ರ ತುಂಬಿಸಿ ಕೊಟ್ಟೆ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಇದೆಲ್ಲದರ ನಡುವೆ ಯುಗಾದಿ ಬಂತು. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಬಸವಲಿಂಗಪ್ಪನವರು ಬೇವುಬೆಲ್ಲದ ತಟ್ಟೆ ಹಿಡಿದು ಬಂದು, ಗೌರಿಗೇ ಕೈಮುಗಿದು, "ತಾವು ಯಾವೂರವ್ರಿ?" ಅಂದರು. ಪರವೂರಿನಲ್ಲಿ ಕನ್ನಡದವರು ಸಿಕ್ಕರೆ ನಾವೆಲ್ಲ ಕೇಳೋ ಮೊದಲ ಪ್ರಶ್ನೆ ಅದೇ ತಾನೇ. ಹೆಂಡತಿಯನ್ನೇ ಹಾಗೆ ಕೇಳಿದರೆ? ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಗೌರಿ ಎಲ್ಲರಿಗಿಂತ ಜೋರಾಗಿ ನಕ್ಕು "ಧಾರವಾಡರಿ" ಅಂದಳು. ಈ ವಯಸ್ಸಿನಲ್ಲಿ ಹೊಸದಾಗಿ ಹೆಣ್ಣು ನೋಡೋಕೆ ಬಂದಿದ್ದಾರೆ ಬಸವಲಿಂಗಪ್ಪ ಅಂತ ನಾನು ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ, ಉಪ್ಪು ಖಾರ ಹಚ್ಚಿ. ಊರಾಚೆಯ ನ್ಯೂ ಟೌನಿನವರೆಗೂ ಮುಟ್ಟಿತ್ತು ಕತೆ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ಬೆಳಿಗ್ಗೆ ಬಾಗಿಲು ತೆಗೆದರೆ ಅಪರ್ಣಾ ನಿಂತಿದ್ದಾಳೆ. ಕೆಳಗಿನ ಮಹಡಿಗಲ್ಲ, ನನ್ನ ಬಾಗಿಲಿಗೇ. ಒಳಗೆ ಕರೆದೆ. ಕೂರಲಿಲ್ಲ.

"ಗೌರಿದಿ ಫೋನ್ ಮಾಡಿದಾಗ ನಿಮ್ಮ ಭಾಷೆಯಲ್ಲೇ ಮಾತಾಡ್ತಾರೆ," ಅಂದಳು. "ನನಗೆ ಒಂದಕ್ಷರ ತಿಳಿಯೋದಿಲ್ಲ. ಬರೀ ಹೂಂ ಅಂತೀನಿ. ಜೊತೆಗೆ ಇನ್ನೊಂದೇ ಒಂದು ಮಾತು ಕಲಿಸಿಕೊಡಿ. ನಾನಿದ್ದೀನಲ್ಲ ಅನ್ನೋದಕ್ಕೆ ನಿಮ್ಮಲ್ಲಿ ಏನಂತಾರೆ?"

ಕನ್ನಡದಲ್ಲಿ! ಎದ್ದು ಮಹಡಿ ಹತ್ತಿದರೆ ನಾನಿದ್ದೆ. ಅದು ಬಿಟ್ಟು ಕನ್ನಡ ಬಾರದವಳ ಹತ್ತಿರ ಕನ್ನಡದಲ್ಲಿ ಏನು ಹೇಳಿಕೊಳ್ತಾಳೆ?

"ಅಳ್ತಾಳಾ?" ಅಂತ ಕೇಳಿದೆ.

ಅಪರ್ಣಾ ನೆಲ ನೋಡಿದಳು. "ಅದನ್ನ ಹೇಳಬಾರದು."

"ಹಾಗಾದರೆ ಹೋಗು. ಹಾಗೊಂದು ಮಾತು ನಮ್ಮ ಭಾಷೆಯಲ್ಲಿ ಇಲ್ಲವೇ ಇಲ್ಲ," ಅಂದುಬಿಟ್ಟೆ. ಅವಳು ನಂಬಿದಳು ಅಂತ ಕಾಣುತ್ತೆ, ಪಾಪ, ಆಯ್ತು ದೀದಿ ಅಂತ ಇಳಿದುಹೋದಳು.

ಸಂಜೆಯವರೆಗೆ ಒಳಗೇ ಕುದಿದೆ. ಆಮೇಲೆ ದಡದಡ ಇಳಿದು ಗೌರಿಯ ಅಡುಗೆಮನೆಗೇ ನುಗ್ಗಿದೆ. "ಅಲ್ಲ ಕಣೇ, ಕನ್ನಡದಲ್ಲಿ ಅಳೋಕೆ ಬಂಗಾಳಿಯವಳು ಬೇಕಾಯ್ತಾ ನಿನಗೆ? ನಾನು ಯಾವಾಗ ನಿನಗೆ ಬೇಡವಾದೆ?"

ಶುಂಠಿ ಜಜ್ಜುತ್ತಿದ್ದವಳು ಕಲ್ಲು ಕೆಳಗಿಟ್ಟಳು. "ಅಕಿಗೆ ನನ್ನ ಮಾತು ತಿಳಿಯೂದಿಲ್ಲ, ಹೂಂ ಅಂತಾಳ. ನಿನಗ ಎಲ್ಲಾ ತಿಳೀತದ ಜಾನಕಿ. ಅದಕ್ಕ."

"ಅದಕ್ಕೆ ಅಂದರೆ?"

"ನಾ ಮುಗಸೂದ್ರಾಗ ನೀ ಡಾಕ್ಟರ್ ಹೆಸರು ಹೇಳ್ತಿ, ಎಣ್ಣಿ ಹೇಳ್ತಿ, ದೇವರು ಹೇಳ್ತಿ. ಆಮ್ಯಾಲೆ ಸಂಘದಾಗ..." ಅಲ್ಲಿಗೆ ನಿಲ್ಲಿಸಿದಳು. ಜಜ್ಜಿದ ಶುಂಠಿಯನ್ನು ಪಾತ್ರೆಗೆ ಹಾಕಿ, "ಯುಗಾದಿ ದಿನ ಅವರು ಚ್ಯಾಷ್ಟಿ ಮಾಡಿರಲಿಲ್ಲ ಜಾನಕಿ. ಖರೇನ ಕೇಳಿದ್ರು," ಅಂದಳು.

ಹಜಾರದಿಂದ ಬಸವಲಿಂಗಪ್ಪನವರ ದನಿ ಬಂತು. "ಸಿಸ್ಟರ್, ನಮ್ಮ ಮನಿಯಾಕಿ ಇನ್ನೂ ಬಂದಿಲ್ಲೇನ್ರಿ?"

"ಬರ್ತಾರ್ರಿ. ಕೂಡ್ರಿ," ಅಂದಳು ಗೌರಿ, ಆಸ್ಪತ್ರೆಯ ದನಿಯಲ್ಲಿ.

ನನ್ನ ಬಾಯಿ ತುಂಬ ಮಾತು ಬಂತು. ಸೆಕ್ಟರ್ ಫೈವಿನ ಹತ್ತಿರ ಒಳ್ಳೆಯ ನರರೋಗದ ಡಾಕ್ಟರಿದ್ದಾರೆ, ನಮ್ಮ ಮಾವನಿಗೂ ಹೀಗೇ ಆಗಿತ್ತು, ಯಾಕೆ ಇಷ್ಟು ದಿನ ಮುಚ್ಚಿಟ್ಟೆ ಅಂತೆಲ್ಲ. ಒಂದನ್ನೂ ಆಡಲಿಲ್ಲ.

ಕಟ್ಟೆಯ ಮೇಲೆ ಫೋನು ಬಡಿದುಕೊಂಡಿತು. ಅಪರ್ಣಾ. ಗೌರಿಗಿಂತ ಮೊದಲು ನಾನೇ ಎತ್ತಿಕೊಂಡೆ. "ಬೆಳಿಗ್ಗೆ ಇಲ್ಲ ಅಂದೆನಲ್ಲ, ಆ ಮಾತು ಇದೆ," ಅಂದೆ. ನಮ್ಮ ಮೈಸೂರಿನ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡು ಗೌರಿಯ ಊರಿನ ಮಾತನ್ನೇ ಹೇಳಿಕೊಟ್ಟೆ. "ನಾ ಅದೀನಲ್ಲ, ಅಂತ ಹೇಳು. ಅವಳಿಗೇ ಹೇಳು." ಫೋನನ್ನು ಗೌರಿಯ ಕೈಗಿಟ್ಟೆ. ಆ ಕಡೆಯವಳು ತಡವರಿಸುತ್ತ ಅದನ್ನು ಹೇಳಿದ್ದು ನನಗೂ ಕೇಳಿಸಿತು. ಕರುಳಿಗೆ ಮೆಣಸಿನಪುಡಿ ಎರಚಿದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ. ಗೌರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಲ್ಕನಿಗೆ ಹೋದಳು. ಬಾಗಿಲು ಎಳೆಯಲಿಲ್ಲ.

ಬಾಗಿಲ ಹತ್ತಿರ ಹೋಗಿ ನಿಂತಿದ್ದರೆ ಎಲ್ಲ ಕೇಳಿಸುತ್ತಿತ್ತು. ಕಾಲು ಆ ಕಡೆಗೇ ಎಳೆಯಿತು. ಆದರೆ ಹಜಾರದಲ್ಲಿ ಬಸವಲಿಂಗಪ್ಪನವರು ಮತ್ತೆ ಎದ್ದು ನಿಂತಿದ್ದರು, ಬಾಗಿಲು ನೋಡುತ್ತ. ಚಹಾದ ಲೋಟ ಅವರ ಕೈಗೆ ಕೊಟ್ಟು ಎದುರಿಗೆ ಕೂತೆ.

"ಡ್ಯೂಟಿ ಮುಗಿಸಿ ಬರಾಕತ್ತಿರಬೇಕ್ರಿ," ಅಂದರು.

"ಹೂಂ."

"ಬಂದ ಕೂಡಲೆ ಚಾ ಬೇಕು ಅಕಿಗೆ. ಶುಂಠಿ ಜಾಸ್ತಿ ಹಾಕಿರಬೇಕು."

"ಹೂಂ."

"ಎಷ್ಟ ಕಷ್ಟ ಇದ್ರೂ ಬಾಯಿ ಬಿಟ್ಟು ಹೇಳಾಕಿ ಅಲ್ಲರಿ ಅಕಿ. ನಾವಽ ತಿಳಕೋಬೇಕು." ಲೋಟ ಹಿಡಿದುಕೊಂಡೇ ನನ್ನ ಮುಖವನ್ನು ಗಮನವಿಟ್ಟು ನೋಡಿದರು. "ನಿಮಗ ಅಕಿ ಗೊತ್ತೇನ್ರಿ?"

ಬಾಲ್ಕನಿಯಿಂದ ಗೌರಿಯ ದನಿ ಬರುತ್ತಿತ್ತು. ಅವಳು ಅಳುವುದನ್ನು ನಾನು ಈ ಇಪ್ಪತ್ತು ವರ್ಷದಲ್ಲಿ ಕೇಳಿಯೇ ಇರಲಿಲ್ಲ.

"ಹೂಂ," ಅಂದೆ.