ತಪಾಸಣೆಯ ದಿನ ಬಂದ ವಿಲ್ಫ್

ಇಂಗ್ಲೆಂಡಿನ ಲ್ಯಾಂಕಶೈರ್‌ನ ಆ ಪುಟ್ಟ ಊರಿನ ಕ್ಲಿನಿಕ್ಕಿಗೆ ಡಾಕ್ಟರುಗಳು ಬಂದರು, ಹೋದರು. ಮುಂದಿನ ಕೌಂಟರಿನ ಡೋರೀನ್ ಪಿಕಪ್ ಮಾತ್ರ ಅಲ್ಲಾಡಲಿಲ್ಲ. ಯಾರಿಗೆ ಇವತ್ತೇ ಡಾಕ್ಟರ ದರ್ಶನ, ಯಾರಿಗೆ ಮುಂದಿನ ವಾರ ಎಂದು ತೀರ್ಮಾನಿಸುವವಳು ಅವಳೇ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಊರವರು ಬೆನ್ನ ಹಿಂದೆ ಬೈದು, ಎದುರಿಗೆ ಬಿಸ್ಕತ್ತಿನ ಡಬ್ಬಿ ತಂದುಕೊಡುತ್ತಿದ್ದರು.

ಆ ಜನವೋ, ನೋವು ಹೇಳಿಕೊಳ್ಳುವುದೇ ನಾಚಿಕೆಗೇಡು ಎಂದುಕೊಂಡವರು. ಬೆರಳು ಅರ್ಧ ಕತ್ತರಿಸಿಕೊಂಡು ಬಂದವನೂ, "ಒಂಚೂರು ಪಟ್ಟಿ ಇದ್ರೆ ಕೊಡಮ್ಮ" ಅನ್ನುತ್ತಾನೆ. ಹೊಸ ಡಾಕ್ಟರ್ ಫರ್ಜಾನಾಗೆ ಡೋರೀನಳೇ ಪಾಠ ಹೇಳಿದ್ದಳು: "ಇಲ್ಲಿಯೋರು ಅಂಥಾದ್ದೇನಿಲ್ಲ ಅಂದ್ರೆ ನಂಬಬೇಡಿ ಡಾಕ್ಟ್ರೇ. ಮುಖ ನೋಡಿ."

ಕ್ಲಿನಿಕ್ಕುಗಳ ಗುಣಮಟ್ಟ ನೋಡುವ ಸರ್ಕಾರಿ ತಪಾಸಣೆಯವರು ಬರುವ ದಿನ ನೆಲ ಫಳಫಳ ಹೊಳೆಯುತ್ತಿತ್ತು. ಹಿಂದಿನ ಸಲ ಕ್ಲಿನಿಕ್ಕಿಗೆ ಕೆಟ್ಟ ಹೆಸರು ಬಂದಿತ್ತು. ಈ ಸಲವೂ ಹಾಗಾದರೆ ಬಾಗಿಲು ಮುಚ್ಚಿಸುತ್ತಾರೆಂಬ ಗುಸುಗುಸು. ತಪಾಸಣೆಯ ಇಬ್ಬರು ಹೆಂಗಸರು ಒಳಗೆ ಕಾಲಿಡುವುದಕ್ಕೂ ವಿಲ್ಫ್ ಎಂಟ್ವಿಸಲ್ ಕೌಂಟರಿಗೆ ಬರುವುದಕ್ಕೂ ಸರಿಹೋಯಿತು. ವಿಲ್ಫ್ ಬದುಕೆಲ್ಲ ಊರಿನ ಛಾವಣಿಗಳಿಗೆ ಹೆಂಚು ಹೊದಿಸಿದವನು. ಈಗ ಗುಡ್ಡದ ಮೇಲಿನ ತರಕಾರಿ ಮಡಿಯೇ ಅವನ ಲೋಕ. ಟೋಪಿ ಕೈಯಲ್ಲಿ, ಮುಖ ಬೂದಿಬಣ್ಣ. ಅಂಥ ಚಳಿಯಲ್ಲೂ ಹಣೆ ಬೆವರಿತ್ತು.

"ಎದೇಲಿ ಒಂಚೂರು ಬಿಗಿ ಕಣಮ್ಮ. ಅಂಥಾದ್ದೇನಿಲ್ಲ. ಇವತ್ತು ನಿಮ್ಮನೇಗೆ ಬೀಗರು ಬಂದಂಗಿದೆ, ಇನ್ನೊಂದಿನ ಬರ್ಲಾ?"

ಎದೆ ಎಂದರೆ ಮರುಮಾತಿಲ್ಲ, ತಕ್ಷಣ ಡಾಕ್ಟರನ್ನು ಕರೆಯಬೇಕು. ಡೋರೀನಳಿಗೆ ಗೊತ್ತಿತ್ತು. ಅವನ ಮುಖವನ್ನೂ ನೋಡಿದಳು. ಆದರೆ ಓಡಾಟ, ಆಂಬುಲೆನ್ಸು, ಗಾಬರಿಬಿದ್ದ ಜನ, ಎಲ್ಲವನ್ನೂ ಬರೆದುಕೊಳ್ಳುವ ಆ ಇಬ್ಬರು!

"ನಿಜವಾಗ್ಲೂ ಪರವಾಗಿಲ್ವಾ ವಿಲ್ಫ್?"

"ಗುಂಡ್ಕಲ್ಲು ಇದ್ದಂಗಿದೀನಿ."

"ಹಂಗಾದ್ರೆ ಗುರುವಾರ ಬಾ."

ಅವನು ಥ್ಯಾಂಕ್ಸ್ ಹೇಳಿ ಹೋದ. ಅವಳಿಗೆ ಹಾಯೆನಿಸಿತು. ಆಮೇಲೆ ಅವಳು ತನ್ನನ್ನು ಕ್ಷಮಿಸಿಕೊಳ್ಳಲಾಗದೆ ಹೋದದ್ದು ಆ ಹಾಯೆನಿಸಿದ್ದಕ್ಕೇ.

ವಿಲ್ಫ್ ಮನೆ ಮುಟ್ಟಲಿಲ್ಲ. ಬಸ್ ಸ್ಟಾಪಿನಲ್ಲೇ ಕುಸಿದ. ಜೀವ ಉಳಿಯಿತು, ಹೃದಯ ಅರ್ಧಕ್ಕರ್ಧ ಹಾಳಾಯಿತು. ಇತ್ತ ಕ್ಲಿನಿಕ್ಕಿಗೆ ಒಳ್ಳೆಯ ಹೆಸರು ಬಂತು, ಮುಂದಿನ ಕೌಂಟರಿನ ಶಾಂತ ನಡವಳಿಕೆಗೆ ವಿಶೇಷ ಮೆಚ್ಚುಗೆ ಬೇರೆ. ಎಲ್ಲರೂ ಕೇಕ್ ಕತ್ತರಿಸಿದರು. ಡೋರೀನ್ ತನ್ನ ಪಾಲನ್ನು ತಟ್ಟೆಯಲ್ಲೇ ಬಿಟ್ಟಳು. ಯಾರಾದರೂ ತನ್ನನ್ನು ಬೈಯಬಾರದೇ ಎನ್ನಿಸಿತು. ಬೈಯಲು ಯಾರಿಗೂ ವಿಷಯವೇ ಗೊತ್ತಿರಲಿಲ್ಲ.

ಭಾನುವಾರ ಆಸ್ಪತ್ರೆಗೆ ಹೋದಳು. ಅವಳು ಬಾಯಿ ತೆರೆಯುವ ಮೊದಲೇ ವಿಲ್ಫ್ ಶುರುಮಾಡಿದ.

"ತಪ್ಪಾಯ್ತು ಕಣಮ್ಮ. ನಾನೇ ಸರಿಯಾಗಿ ಹೇಳ್ಬೇಕಿತ್ತು. ನನ್ನಿಂದ ನಿಂಗೇನೂ ತೊಂದ್ರೆ ಆಗ್ಲಿಲ್ಲ ತಾನೆ?"

ಸುಮ್ಮನೆ ತಲೆಯಾಡಿಸಿ ಎದ್ದು ಬರಬಹುದಿತ್ತು. ಕಾಯಿಲೆಯವನ ತಲೆಗೆ ತನ್ನ ತಪ್ಪು ಕಟ್ಟಿ ಬರುವುದು ಎಷ್ಟು ಸುಲಭ!

"ನೀನು ಸರಿಯಾಗೇ ಹೇಳ್ದೆ ವಿಲ್ಫ್. ನಂಗೆ ಗೊತ್ತಾಗಿತ್ತು. ನಿನ್ ಮುಖ ನೋಡ್ದಾಗ್ಲೇ ಗೊತ್ತಾಗಿತ್ತು."

ವಿಲ್ಫ್ ಹೊದಿಕೆ ಸರಿಸಿ ದಿಂಬಿಗೆ ಒರಗಿ ಕೂತ.

"ಆಗ್ಲೇ ಡಾಕ್ಟ್ರ ಹತ್ರ ಕಳ್ಸಿದ್ರೆ, ಮತ್ತೆ ಗುಡ್ಡ ಹತ್ತಬೋದಿತ್ತಾ?"

"ಹತ್ತಬೋದಿತ್ತು ಅನ್ಸುತ್ತೆ."

"ಮತ್ಯಾಕೆ ಕಳಿಸ್ಲಿಲ್ಲ?"

ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ತಪಾಸಣೆಯೋರಿಬ್ರು ನೋಡ್ತಾ ಇದ್ರು" ಅಂದಳು ಡೋರೀನ್.